ಕೀಲಿಗೊಂಚಲಿಗೆ ಟ್ಯಾಗ್: ಪ್ರಯೋಜನವೆಷ್ಟು, ಎಚ್ಚರವೆಷ್ಟು?

ಮನೆಯಲ್ಲಿ ಅತಿ ಹೆಚ್ಚು ಬಾರಿ ಹುಡುಕುವ ವಸ್ತು ಯಾವುದೆಂದು ಕೇಳಿದರೆ ಹೆಚ್ಚಿನವರು ಕೀಲಿಗೊಂಚಲು ಎಂದೇ ಹೇಳುವರು. ಆನಂತರ ಪರ್ಸು, ಕನ್ನಡಕ, ಮಳೆಗಾಲದಲ್ಲಿ ಕೊಡೆ. ಗಲ್ಫ್‌ನಿಂದ ರಜೆಗೆ ಬರುವವರಿಗಾದರೆ ವಿಮಾನ ನಿಲ್ದಾಣದ ಬೆಲ್ಟಿನ ಮೇಲೆ ಬಾರದೇ ಉಳಿದ ಸೂಟ್‌ಕೇಸು. ಇಂತಹ ವಸ್ತುಗಳನ್ನು ಹುಡುಕಲು ನೆರವಾಗುವ, ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಟ್ಯಾಗ್‌ಗಳು ಈಗ ನಮ್ಮ ಪೇಟೆಗಳ ಮೊಬೈಲ್ ಅಂಗಡಿಗಳಲ್ಲಿಯೂ ದೊರೆಯುತ್ತಿವೆ. ಹೊರದೇಶದಲ್ಲಿರುವ ಮಕ್ಕಳು ಊರಿನ ತಂದೆತಾಯಿಗೆ ಉಡುಗೊರೆಯಾಗಿ ಕಳುಹಿಸುವುದೂ ಉಂಟು.

ಆದರೆ ಇವುಗಳ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳಿವೆ. ಟ್ಯಾಗ್ ಕಟ್ಟಿದ ಮೇಲೆ ವಸ್ತು ಕಳೆದುಹೋಗುವ ಮಾತೇ ಇಲ್ಲ ಎಂದು ಕೆಲವರು ನಂಬುತ್ತಾರೆ. ಇನ್ನು ಕೆಲವರು ವಸ್ತುವಿಗೆ ಕಟ್ಟಬಹುದಾದರೆ ಮನುಷ್ಯರಿಗೂ ಕಟ್ಟಬಹುದಲ್ಲವೇ ಎಂದುಕೊಂಡು ವಯಸ್ಸಾದ ತಂದೆಯ ಜೇಬಿಗೆ, ಮಗುವಿನ ಶಾಲಾ ಚೀಲಕ್ಕೆ, ಕೆಲವೊಮ್ಮೆ ಹೆಂಡತಿಯ ಸ್ಕೂಟರಿಗೂ ಅದನ್ನು ಹಾಕುತ್ತಾರೆ. ಮೊದಲನೆಯದರಿಂದ ನಿರಾಶೆಯಾದೀತು, ಎರಡನೆಯದರಿಂದ ಅಪಾಯ ಮತ್ತು ಅನ್ಯಾಯ ಎರಡೂ ಆದೀತು. ಆದ್ದರಿಂದ ಈ ಟ್ಯಾಗ್‌ಗಳು ಕೆಲಸ ಮಾಡುವ ಬಗೆ, ದಿನಬಳಕೆಯ ಉಪಯೋಗ ಮತ್ತು ಮಿತಿಗಳನ್ನು ಸರಳವಾಗಿ ವಿವರಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

ಟ್ಯಾಗ್ ಕೆಲಸ ಮಾಡುವ ಬಗೆ

ಈ ಟ್ಯಾಗ್‌ಗಳಲ್ಲಿ ಸಿಮ್ ಇಲ್ಲ, ಇಂಟರ್ನೆಟ್ ಇಲ್ಲ, ಸಾಮಾನ್ಯವಾಗಿ ಜಿಪಿಎಸ್ ಕೂಡ ಇಲ್ಲ. ಅಂದರೆ ತಾನು ಎಲ್ಲಿದ್ದೇನೆ ಎಂಬುದು ಟ್ಯಾಗ್‌ಗೇ ತಿಳಿಯದು. ಅದು ಬ್ಲೂಟೂತ್ ಮೂಲಕ ಒಂದು ಸಣ್ಣ ಗುರುತನ್ನು ಆಗಾಗ ಹೊರಗೆ ಬಿಡುತ್ತಿರುತ್ತದೆ, ಅಷ್ಟೇ. ಆ ದಾರಿಯಲ್ಲಿ ಹೋಗುವ ಯಾರದಾದರೂ ಫೋನ್ ಆ ಗುರುತನ್ನು ಕೇಳಿಸಿಕೊಂಡು, ತಾನಿರುವ ಸ್ಥಳವನ್ನು ಗುಪ್ತ ಲಿಪಿಯಲ್ಲಿ ಕಂಪೆನಿಯ ಸರ್ವರಿಗೆ ಕಳುಹಿಸುತ್ತದೆ. ಟ್ಯಾಗಿನ ಒಡೆಯ ತನ್ನ ಫೋನಿನಲ್ಲಿ ನಕ್ಷೆ ತೆರೆದಾಗ ಆ ಸ್ಥಳ ಕಾಣಿಸುತ್ತದೆ. ನಡುವೆ ಸಹಾಯ ಮಾಡಿದ ಫೋನಿನವರಿಗೆ ಇದು ಯಾವುದೂ ಗೊತ್ತಾಗುವುದಿಲ್ಲ. ಆ ಗುಪ್ತ ಲಿಪಿಯನ್ನು ಓದುವ ಕೀಲಿ ಒಡೆಯನ ಬಳಿ ಮಾತ್ರ ಇರುತ್ತದೆ.

ಹೀಗೆ, ಕಳೆದ ವಸ್ತುವನ್ನು ಹುಡುಕಿ ಕೊಡುವುದು ನಿಜವಾಗಿ ದಾರಿಹೋಕರ ಫೋನುಗಳು. ಇದೊಂದನ್ನು ನೆನಪಿಟ್ಟುಕೊಂಡರೆ ಉಳಿದುದೆಲ್ಲ ಅರ್ಥವಾಗುತ್ತದೆ. ಹಂಪನಕಟ್ಟೆಯಂತಹ ಜನಸಂದಣಿಯ ಜಾಗದಲ್ಲಿ ಬಿದ್ದ ಕೀಲಿಗೊಂಚಲು ಬೇಗ ನಕ್ಷೆಯಲ್ಲಿ ಕಂಡೀತು. ಅದೇ ಗೊಂಚಲು ಅಡಿಕೆ ತೋಟದ ನಡುವೆ ಬಿದ್ದರೆ, ಅಲ್ಲಿ ಯಾರೂ ಫೋನ್ ಹಿಡಿದು ಸುಳಿಯದ ಕಾರಣ, ದಿನಗಟ್ಟಲೆ ಕಾಣದೇ ಇದ್ದೀತು.

ಯಾವ ಫೋನಿಗೆ ಯಾವ ಟ್ಯಾಗ್?

ಕೊಳ್ಳುವ ಮೊದಲು ತಿಳಿಯಬೇಕಾದ ಮುಖ್ಯ ವಿಷಯವಿದು. ಆ್ಯಪಲ್ ಕಂಪೆನಿಯ ಏರ್‌ಟ್ಯಾಗ್ 2021ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದಿತು. ಆಗ ಭಾರತದಲ್ಲಿ ಒಂದರ ಬೆಲೆ 3,190 ರೂಪಾಯಿ ಇತ್ತು. ಅದನ್ನು ಬಳಸಲು ಐಫೋನ್ ಬೇಕು. ಸ್ಯಾಮ್‌ಸಂಗ್‌ನ ಸ್ಮಾರ್ಟ್‌ಟ್ಯಾಗ್ ಕೂಡ 2021ರಲ್ಲಿಯೇ ಬಂದಿತು; ಅದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಫೋನುಗಳಿಗೆ ಮಾತ್ರ. ಇತರ ಆಂಡ್ರಾಯ್ಡ್ ಫೋನುಗಳಿಗಾಗಿ ಗೂಗಲ್ ಸಂಸ್ಥೆಯು 2024ರ ಏಪ್ರಿಲ್‌ನಲ್ಲಿ ಮೊದಲು ಅಮೆರಿಕ ಮತ್ತು ಕೆನಡಾದಲ್ಲಿ, ಅನಂತರ ಬೇರೆ ದೇಶಗಳಲ್ಲಿ ಇಂತಹುದೇ ಜಾಲವನ್ನು ಆರಂಭಿಸಿತು. ಫೈಂಡ್ ಮೈ ಡಿವೈಸ್ ಎಂಬ ಅದರ ಹೆಸರು 2025ರಲ್ಲಿ ಫೈಂಡ್ ಹಬ್ ಎಂದು ಬದಲಾಯಿತು. ಆಂಡ್ರಾಯ್ಡ್ 9 ಮತ್ತು ಅದಕ್ಕಿಂತ ಹೊಸ ಆವೃತ್ತಿಯ ಫೋನುಗಳಲ್ಲಿ ಇದು ಕೆಲಸ ಮಾಡುತ್ತದೆ.

ಕಡಿಮೆ ಬೆಲೆಯ ಬೇರೆ ಕಂಪೆನಿಗಳ ಟ್ಯಾಗ್‌ಗಳೂ ಇವೆ. ಕೊಳ್ಳುವಾಗ ಅದು ಯಾವ ಜಾಲಕ್ಕೆ ಸೇರುತ್ತದೆ ಎಂದು ಪೆಟ್ಟಿಗೆಯ ಮೇಲೆ ಓದಿಕೊಳ್ಳಬೇಕು. ದೊಡ್ಡ ಜಾಲಕ್ಕೆ ಸೇರದ, ತನ್ನದೇ ಸಣ್ಣ ಆ್ಯಪ್ ಮಾತ್ರ ಇರುವ ಟ್ಯಾಗ್ ಮನೆಯೊಳಗೆ ಶಬ್ದ ಮಾಡಿ ಸಿಕ್ಕೀತು; ಊರಾಚೆ ಕಳೆದುಹೋದರೆ ಪ್ರಯೋಜನವಿಲ್ಲ. ಮಗ ದುಬೈಯಿಂದ ಏರ್‌ಟ್ಯಾಗ್ ತಂದುಕೊಟ್ಟಿದ್ದು, ತಾಯಿಯ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ ಅದನ್ನು ತಾಯಿ ಬಳಸಲು ಆಗದು.

ಗೂಗಲ್ ಜಾಲದ ಬಗ್ಗೆ ಹಳ್ಳಿಯವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಜನರ ಖಾಸಗಿತನ ಕಾಯುವ ಸಲುವಾಗಿ, ಹಲವು ಫೋನುಗಳು ಒಂದೇ ಟ್ಯಾಗನ್ನು ಕಂಡಾಗ ಮಾತ್ರ ಸ್ಥಳ ತಿಳಿಸುವಂತೆ ಆ ಜಾಲವನ್ನು ಮೊದಲೇ ಹೊಂದಿಸಲಾಗಿದೆ. ಜನ ವಿರಳವಾಗಿರುವ ಕಡೆ ಇದರಿಂದ ತೊಂದರೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ವಿಭಾಗಕ್ಕೆ ಹೋಗಿ, ಫೈಂಡ್ ಹಬ್‌ನಲ್ಲಿ 'ಎಲ್ಲ ಪ್ರದೇಶಗಳಲ್ಲಿ' ಎಂಬುದನ್ನು ಆರಿಸಿಕೊಂಡವರ ಫೋನ್, ಒಂಟಿಯಾಗಿಯೇ ಬೇರೆಯವರ ಕಳೆದ ವಸ್ತುವಿನ ಸ್ಥಳ ತಿಳಿಸಬಲ್ಲದು. ಒಂದು ಊರಿನ ಕೆಲವರಾದರೂ ಹೀಗೆ ಮಾಡಿಕೊಂಡರೆ ಆ ಊರಿನಲ್ಲಿ ವಸ್ತು ಸಿಗುವ ಸಾಧ್ಯತೆ ಹೆಚ್ಚುತ್ತದೆ.

ಮನೆಯಲ್ಲಿ, ಕಚೇರಿಯಲ್ಲಿ

ಟ್ಯಾಗ್‌ನ ಅತ್ಯುತ್ತಮ ಉಪಯೋಗ ಮನೆಯೊಳಗೇ. ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಟ್ಯಾಗ್ ಕಿಣಿಕಿಣಿ ಸದ್ದು ಮಾಡುತ್ತದೆ. ಸೋಫಾದ ಸಂದಿಯಲ್ಲೋ ಒಗೆಯುವ ಬಟ್ಟೆಯ ಜೇಬಿನಲ್ಲೋ ಇದ್ದ ಕೀಲಿ ಸಿಗುತ್ತದೆ. ಐಫೋನ್ 11 ಮತ್ತು ಅನಂತರದ ಹೆಚ್ಚಿನ ಮಾದರಿಗಳಲ್ಲಿ ಏರ್‌ಟ್ಯಾಗ್ ಎಷ್ಟು ಮೀಟರ್ ದೂರದಲ್ಲಿದೆ, ಯಾವ ದಿಕ್ಕಿನಲ್ಲಿದೆ ಎಂದು ಬಾಣದ ಗುರುತೂ ತೋರಿಸುತ್ತದೆ. ಕಬ್ಬಿಣದ ಕಪಾಟಿನ ಒಳಗೆ ಇಟ್ಟರೆ ಮಾತ್ರ ಬ್ಲೂಟೂತ್ ಕ್ಷೀಣಿಸುತ್ತದೆ ಎಂಬುದು ನೆನಪಿರಲಿ.

ಹಲವರು ಕೈ ಬದಲಿಸಿ ಬಳಸುವ ವಸ್ತುಗಳಿಗೆ ಇದು ಇನ್ನೂ ಅನುಕೂಲ. ಚರ್ಚ್ ಸಭಾಭವನದ ಕೀಲಿ, ಸಕ್ರಿಸ್ತಿಯ ಕೀಲಿಗೊಂಚಲು, ವಾರ್ಡ್ ಕೂಟಗಳಿಗೆ ಕೊಂಡೊಯ್ಯುವ ಮೈಕ್ ಪೆಟ್ಟಿಗೆ, ಪ್ರೊಜೆಕ್ಟರ್ ಚೀಲ, ಯುವಜನರ ಬ್ಯಾಂಡ್ ಸಾಮಗ್ರಿ ಇವೆಲ್ಲ 'ಕೊನೆಗೆ ಯಾರ ಹತ್ತಿರ ಇತ್ತು?' ಎಂಬ ಪ್ರಶ್ನೆಗೆ ಆಗಾಗ ಗುರಿಯಾಗುವಂಥವು. 2023ರಲ್ಲಿ ಬಂದ ಐಒಎಸ್ 17 ಆವೃತ್ತಿಯಿಂದ ಒಂದು ಏರ್‌ಟ್ಯಾಗನ್ನು ಒಡೆಯನಲ್ಲದೆ ಇನ್ನೂ 5 ಮಂದಿಯ ಜೊತೆ ಹಂಚಿಕೊಳ್ಳಬಹುದು. ಆದರೆ ಆ ಚೀಲವನ್ನು ಮನೆಗೆ ಒಯ್ಯುವ ಪ್ರತಿಯೊಬ್ಬರಿಗೂ ಅದರಲ್ಲಿ ಟ್ಯಾಗ್ ಇದೆ ಎಂದು ಮೊದಲೇ ತಿಳಿಸಬೇಕು. ಚೀಲ ಅವರ ಮನೆಯಲ್ಲಿದ್ದಷ್ಟು ಹೊತ್ತು ಅವರ ಮನೆಯೂ ನಕ್ಷೆಯಲ್ಲಿ ಕಾಣುತ್ತದಲ್ಲವೇ? ಚೀಲದ ಮೇಲೆಯೇ 'ಇದರಲ್ಲಿ ಟ್ಯಾಗ್ ಇದೆ' ಎಂದು ಬರೆದಿಟ್ಟರೆ ಇನ್ನೂ ಒಳ್ಳೆಯದು.

ಪ್ರಯಾಣದ ಸಾಮಾನಿಗೆ

ನಮ್ಮ ಕರಾವಳಿಯವರಿಗೆ ಹೆಚ್ಚು ಉಪಯೋಗ ಕಾಣುವುದು ಇಲ್ಲಿ. ವಿಮಾನಯಾನ ತಂತ್ರಜ್ಞಾನ ಸಂಸ್ಥೆಯಾದ ಸಿಟಾ ಪ್ರಕಟಿಸಿದ ಲೆಕ್ಕದಂತೆ 2024ರಲ್ಲಿ ಪ್ರತಿ 1,000 ಪ್ರಯಾಣಿಕರಿಗೆ 6.3ರಷ್ಟು ಸಾಮಾನುಗಳು ತಡವಾದವು, ಹಾಳಾದವು ಅಥವಾ ಕಳೆದವು. 2023ರಲ್ಲಿ ಇದು 6.9 ಇತ್ತು. ಸಾಮಾನು ತಡವಾಗಲು ದೊಡ್ಡ ಕಾರಣ, ದಾರಿಯಲ್ಲಿ ಒಂದು ವಿಮಾನದಿಂದ ಇನ್ನೊಂದಕ್ಕೆ ಸಾಗಿಸುವಾಗ ಆಗುವ ಎಡವಟ್ಟು. ಮುಂಬೈಯಲ್ಲೋ ಬೆಂಗಳೂರಿನಲ್ಲೋ ದೋಹಾದಲ್ಲೋ ವಿಮಾನ ಬದಲಿಸಿ ಹೋಗುವವರು ಸೂಟ್‌ಕೇಸಿನ ಒಳಗೆ ಒಂದು ಟ್ಯಾಗ್ ಇಟ್ಟರೆ, ಅದು ತಮ್ಮೊಂದಿಗೆ ಬಂದಿದೆಯೋ ಹಿಂದೆಯೇ ಉಳಿದಿದೆಯೋ ಎಂಬುದಾದರೂ ತಿಳಿಯುತ್ತದೆ. ವಿಮಾನ ನಿಲ್ದಾಣಗಳಲ್ಲಿ ಫೋನುಗಳಿಗೆ ಬರವಿಲ್ಲ.

ಬ್ಯಾಟರಿ ಇರುವ ಟ್ಯಾಗನ್ನು ಚೆಕ್-ಇನ್ ಸಾಮಾನಿನಲ್ಲಿ ಇಡಬಹುದೇ ಎಂಬ ಸಂದೇಹ ಸಹಜ. 2022ರ ಅಕ್ಟೋಬರ್‌ನಲ್ಲಿ ಜರ್ಮನಿಯ ಲುಫ್ತಾನ್ಸಾ ಸಂಸ್ಥೆಯ ಹೇಳಿಕೆಯಿಂದ ಈ ಬಗ್ಗೆ ಗೊಂದಲ ಉಂಟಾಗಿತ್ತು. ಟ್ಯಾಗ್‌ನ ಬ್ಯಾಟರಿ ಅತಿ ಸಣ್ಣದಾದ ಕಾರಣ ಅಪಾಯವಿಲ್ಲವೆಂದು ಜರ್ಮನಿಯ ವಾಯುಯಾನ ಅಧಿಕಾರಿಗಳು ಅಭಿಪ್ರಾಯಪಟ್ಟ ಮೇಲೆ, ಕೆಲವೇ ದಿನಗಳಲ್ಲಿ ಸಂಸ್ಥೆಯು ಅದಕ್ಕೆ ಒಪ್ಪಿತು. ಪವರ್ ಬ್ಯಾಂಕಿನ ನಿಯಮವೇ ಬೇರೆ. ಅದನ್ನು ಕೈಚೀಲದಲ್ಲಿಯೇ ಒಯ್ಯಬೇಕು.

ಸೂಟ್‌ಕೇಸು ಬಾರದಿದ್ದಾಗ ನಕ್ಷೆ ತೋರಿಸಿ ವಾದ ಮಾಡಿದರೆ ಸಾಲದು. ನಿಲ್ದಾಣದಿಂದ ಹೊರಡುವ ಮೊದಲೇ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಲಿಖಿತ ದೂರು ನೀಡಿ, ಅದರ ಸಂಖ್ಯೆಯನ್ನು ಪಡೆಯಬೇಕು. ಇದನ್ನು ಪಿಐಆರ್ ಎನ್ನುತ್ತಾರೆ. 2024ರ ಡಿಸೆಂಬರ್‌ನಲ್ಲಿ ಬಂದ ಐಒಎಸ್ 18.2ರಿಂದ, ಟ್ಯಾಗ್ ಇರುವ ಸ್ಥಳದ ಲಿಂಕನ್ನು ವಿಮಾನ ಸಂಸ್ಥೆಯ ಸಿಬ್ಬಂದಿಗೆ ಕಳುಹಿಸಬಹುದು. ವಸ್ತು ಕೈಸೇರಿದೊಡನೆ ಅಥವಾ 7 ದಿನಗಳ ಬಳಿಕ ಆ ಲಿಂಕ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅಂತಾರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಸಾಮಾನು ಹಾಳಾಗಿದ್ದರೆ ಅದು ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ಬರಬೇಕಾದ ದಿನದಿಂದ 21 ದಿನ ಕಳೆದರೂ ಬಾರದ ಸಾಮಾನಿಗೆ, ಕಳೆದುಹೋಯಿತೆಂದೇ ಪರಿಗಣಿಸಿ ಪರಿಹಾರ ಕೇಳಬಹುದು. ರೈಲಿನಲ್ಲಿ ಚೀಲ ಬಿಟ್ಟುಬಂದವರು 139 ಸಂಖ್ಯೆಗೆ ಕರೆಮಾಡಿ ರೈಲಿನ ಸಂಖ್ಯೆ, ಬೋಗಿ, ಸೀಟು ತಿಳಿಸುವುದು ಟ್ಯಾಗ್‌ಗಾಗಿ ಕಾಯುವುದಕ್ಕಿಂತ ಬೇಗ ಫಲ ಕೊಡುತ್ತದೆ.

ಟ್ಯಾಗ್ ಎಲ್ಲಿ ಸೋಲುತ್ತದೆ?

ಕಳ್ಳತನ ತಡೆಯಲು ಟ್ಯಾಗ್ ತಕ್ಕುದಲ್ಲ. ಅಪರಿಚಿತ ಟ್ಯಾಗ್ ಒಂದು ಜೊತೆಯಲ್ಲಿ ಚಲಿಸುತ್ತಿದೆ ಎಂದು ಹತ್ತಿರದ ಫೋನಿಗೆ ಎಚ್ಚರಿಕೆ ಹೋಗುವುದರಿಂದ, ಬೈಕ್ ಕದ್ದವನಿಗೂ ಆ ಸುದ್ದಿ ತಲುಪಬಹುದು. ವಾಹನಕ್ಕೆ ಬೇಕಾದುದು ಸಿಮ್ ಮತ್ತು ಜಿಪಿಎಸ್ ಇರುವ ಬೇರೆಯೇ ಉಪಕರಣ. ಕದ್ದ ವಸ್ತು ನಕ್ಷೆಯಲ್ಲಿ ಕಂಡರೂ ತಾವೇ ಬೆನ್ನಟ್ಟಿ ಹೋಗಬಾರದು. ಆ ಮಾಹಿತಿಯನ್ನು ಪೊಲೀಸರಿಗೆ ಕೊಡಬೇಕು. ನಕ್ಷೆಯ ಚುಕ್ಕೆ ಪಕ್ಕದ ಮನೆಯನ್ನು ತೋರಿಸುವ ಸಾಧ್ಯತೆಯೂ ಇರುವುದರಿಂದ ನಿರಪರಾಧಿಯ ಬಾಗಿಲು ತಟ್ಟಿ ಅವಮಾನಿಸಿದಂತಾದೀತು.

ಮೀನುಗಾರ ಬಂಧುಗಳು ದೋಣಿಗೆ ಇಂತಹ ಟ್ಯಾಗ್ ಕಟ್ಟಿ ನೆಮ್ಮದಿಯಿಂದ ಇರಬಾರದು. ಕಡಲಿನ ನಡುವೆ ದಾರಿಹೋಕರ ಫೋನುಗಳಿಲ್ಲ. ದೋಣಿಗಳ ಸುರಕ್ಷತೆಗೆ ಉಪಗ್ರಹದ ಮೂಲಕ ಕೆಲಸ ಮಾಡುವ ಉಪಕರಣಗಳು ಬೇರೆ ಇವೆ. ಇಸ್ರೊ ರೂಪಿಸಿದ, 2010ರಿಂದ ಬಳಕೆಯಲ್ಲಿರುವ ಅಪಾಯ ಸೂಚಕ ಟ್ರಾನ್ಸ್‌ಮಿಟರ್ ಅವುಗಳಲ್ಲೊಂದು; ಅದರ ಎರಡನೆಯ ಪೀಳಿಗೆ 2024ರಲ್ಲಿ ಬಂದಿದೆ. ದೋಣಿಯಲ್ಲಿ ಇರಬೇಕಾದುದು ಅದು.

ಬ್ಯಾಟರಿಯ ವಿಷಯದಲ್ಲಿಯೂ ಎಚ್ಚರ ಬೇಕು. ಹೆಚ್ಚಿನ ಟ್ಯಾಗ್‌ಗಳಲ್ಲಿ ಇರುವುದು ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ. ಏರ್‌ಟ್ಯಾಗ್‌ನಲ್ಲಿ ಇದು ಸುಮಾರು ಒಂದು ವರ್ಷ ಬಾಳುತ್ತದೆ. ಸಣ್ಣ ಮಗು ಇದನ್ನು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೇ ಒಳಗಿನ ಭಾಗ ಸುಟ್ಟುಹೋಗುವ ಅಪಾಯವಿದೆ, ಜೀವಕ್ಕೇ ಕುತ್ತಾಗಬಹುದು. ಅಂತಹ ಸಂದೇಹ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಕೂಡಲೇ ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು. ಟ್ಯಾಗ್ ಕಟ್ಟಿದ ಕೀಲಿಗೊಂಚಲನ್ನು ಮಗುವಿನ ಕೈಗೆ ಆಟಿಕೆಯಾಗಿ ಕೊಡುವ ಅಭ್ಯಾಸ ಸಲ್ಲದು. ಹಳೆಯ ಬ್ಯಾಟರಿಯನ್ನೂ ಮೇಜಿನ ಮೇಲೆ ಬಿಡಬಾರದು.

ಮನುಷ್ಯರಿಗೆ ಟ್ಯಾಗ್ ಬೇಡ

ಮರೆವಿನ ಕಾಯಿಲೆಯ ತಂದೆಯೋ ತಾಯಿಯೋ ಮನೆಯಿಂದ ಹೊರಟುಹೋಗುವ ಭಯ ಅನೇಕ ಕುಟುಂಬಗಳನ್ನು ಕಾಡುತ್ತಿದೆ. ಅಂತಹ ಮಕ್ಕಳ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಟ್ಯಾಗ್ ಕ್ಷಣಕ್ಷಣದ ಸ್ಥಳ ಹೇಳುವ ಉಪಕರಣವಲ್ಲ. ಯಾರದೋ ಫೋನ್ ಹತ್ತಿರ ಸುಳಿದಾಗ ಮಾತ್ರ ಸುದ್ದಿ ಬರುತ್ತದೆ. ತಂದೆ ಹೊಳೆಯ ಬದಿಗೆ ನಡೆದು ಹೋಗಿದ್ದರೂ ನಕ್ಷೆಯಲ್ಲಿ ಇನ್ನೂ ಬಸ್ ಸ್ಟ್ಯಾಂಡ್ ಕಾಣುತ್ತಿರಬಹುದು. ಆ ಚುಕ್ಕೆಯನ್ನು ನಂಬಿ ತಪ್ಪು ದಿಕ್ಕಿನಲ್ಲಿ ಹುಡುಕಿದ ಒಂದು ಗಂಟೆ ಬಲು ದುಬಾರಿಯಾದೀತು. ಏರ್‌ಟ್ಯಾಗ್ ವಸ್ತುಗಳಿಗಾಗಿಯೇ ಹೊರತು ಜನರಿಗಾಗಿ ಅಲ್ಲವೆಂದು ಅದನ್ನು ತಯಾರಿಸಿದ ಕಂಪೆನಿಯೇ ಹೇಳಿದೆ. ಇಂತಹ ಹಿರಿಯರಿಗೆ ಮನೆಯ ಫೋನ್ ಸಂಖ್ಯೆ ಬರೆದ ಕೈಪಟ್ಟಿ, ಸಿಮ್ ಮತ್ತು ಜಿಪಿಎಸ್ ಇರುವ ಗಡಿಯಾರ, ನೆರೆಹೊರೆಯವರಿಗೂ ಹತ್ತಿರದ ಅಂಗಡಿಯವರಿಗೂ ಮೊದಲೇ ತಿಳಿಸಿಡುವುದು ಇವೇ ಹೆಚ್ಚು ನಂಬಲರ್ಹ. ಮಗುವಿನ ಶಾಲಾ ಚೀಲದ ಟ್ಯಾಗ್ ಕೂಡ ಚೀಲ ಎಲ್ಲಿದೆ ಎಂದಷ್ಟೇ ಹೇಳುತ್ತದೆ.

ಇದಕ್ಕಿಂತ ಗಂಭೀರವಾದುದು, ತಿಳಿಸದೆ ಒಬ್ಬರ ಮೇಲೆ ಟ್ಯಾಗ್ ಇಡುವುದು. ಹೆಂಡತಿಯ ಕೈಚೀಲದಲ್ಲಿ, ಬೆಳೆದ ಮಗಳ ಸ್ಕೂಟರಿನ ಸೀಟಿನಡಿಯಲ್ಲಿ, ಮನೆಗೆಲಸದವಳ ಚೀಲದಲ್ಲಿ ಗುಟ್ಟಾಗಿ ಟ್ಯಾಗ್ ಇಡುವವನು ತಾನು ಕಾಳಜಿಯಿಂದ ಮಾಡುತ್ತಿದ್ದೇನೆ ಎಂದು ಹೇಳಿಕೊಳ್ಳಬಹುದು. ಗುಟ್ಟಾಗಿ ಮಾಡಬೇಕಾಗಿ ಬಂದಾಗಲೇ ಅದು ಕಾಳಜಿಯ ಎಲ್ಲೆ ಮೀರಿದೆ ಎಂದು ನಾವು ತಿಳಿಯಬೇಕು. ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪು ಬಂದದ್ದು ಸರಕಾರದ ಯೋಜನೆಯೊಂದನ್ನು ಕುರಿತ ವ್ಯಾಜ್ಯದಲ್ಲಿ. ಆದರೂ ಮನೆಯೊಳಗಿನ ಗೌರವಕ್ಕೆ ಬೇರೆ ಅಳತೆಗೋಲು ಏಕಿರಬೇಕು? ಮಹಿಳೆಯೊಬ್ಬಳು ಬೇಡವೆಂದು ಸ್ಪಷ್ಟಪಡಿಸಿದ ಮೇಲೂ ಆಕೆಯನ್ನು ಪದೇ ಪದೇ ಹಿಂಬಾಲಿಸಿ ಸಂಪರ್ಕಿಸಲು ಯತ್ನಿಸುವುದು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಬಾರಿಯ ತಪ್ಪಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ಇದೆ.

ಅಪರಿಚಿತ ಟ್ಯಾಗ್ ಕಂಡರೆ

ಟ್ಯಾಗ್‌ಗಳ ದುರುಪಯೋಗದ ದೂರುಗಳು ಹಲವು ದೇಶಗಳಲ್ಲಿ ಬಂದ ಮೇಲೆ, ಆ್ಯಪಲ್ ಮತ್ತು ಗೂಗಲ್ 2024ರ ಮೇ ತಿಂಗಳಲ್ಲಿ ಸಮಾನ ಎಚ್ಚರಿಕೆ ವ್ಯವಸ್ಥೆಯನ್ನು ಜಾರಿಗೆ ತಂದವು. ಐಒಎಸ್ 17.5 ಅಥವಾ ಅನಂತರದ ಐಫೋನ್ ಮತ್ತು ಆಂಡ್ರಾಯ್ಡ್ 6 ಅಥವಾ ಅನಂತರದ ಫೋನುಗಳಿಗೆ, ಬೇರೆಯವರ ಟ್ಯಾಗ್ ನಿಮ್ಮ ಜೊತೆ ಚಲಿಸುತ್ತಿದ್ದರೆ ಸೂಚನೆ ಬರುತ್ತದೆ. ಇದಕ್ಕೆ ಬ್ಲೂಟೂತ್ ಚಾಲೂ ಇರಬೇಕು. ಒಡೆಯನಿಂದ ಬಹಳ ಹೊತ್ತು ದೂರವಿರುವ ಏರ್‌ಟ್ಯಾಗ್ ಅಲುಗಿದಾಗ ತಾನಾಗಿ ಸದ್ದು ಮಾಡುವುದೂ ಉಂಟು.

ಸೂಚನೆ ಬಂದಾಗ ಗಾಬರಿಪಡಬೇಕಿಲ್ಲ. ಬಾಡಿಗೆ ಕಾರಿನ ಕೀಲಿಯಲ್ಲೋ ಗೆಳತಿಯಿಂದ ಎರವಲು ತಂದ ಚೀಲದಲ್ಲೋ ಟ್ಯಾಗ್ ಇರಬಹುದು. ಮೊದಲು ಸೂಚನೆಯಲ್ಲಿರುವ ನಕ್ಷೆಯ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಟ್ಯಾಗ್ ಸಿಕ್ಕರೆ ಫೋನಿನ ಹಿಂಬದಿಗೆ ಮುಟ್ಟಿಸಿ. ಎನ್‌ಎಫ್‌ಸಿ ಇರುವ ಫೋನಿನಲ್ಲಿ ಅದರ ಕ್ರಮಸಂಖ್ಯೆ ಕಾಣಿಸುತ್ತದೆ. ಅದನ್ನೂ ಉಳಿಸಿಕೊಳ್ಳಿ. ಬ್ಯಾಟರಿ ತೆಗೆದರೆ ಟ್ಯಾಗ್ ನಿಲ್ಲುತ್ತದೆ. ಆದರೆ ಮನೆಯಲ್ಲಿಯೇ ಹಿಂಸೆಯ ಭಯವಿರುವವರು ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ನಂಬಿಕೆಯವರಿಗೆ ತಿಳಿಸಿ, ಆಮೇಲೆ ಬ್ಯಾಟರಿ ತೆಗೆಯುವುದು ಲೇಸು. ಟ್ಯಾಗ್ ನಿಂತುಹೋದದ್ದು ಇಟ್ಟವನಿಗೆ ಗೊತ್ತಾಗಬಹುದು. ತುರ್ತು ಸಹಾಯಕ್ಕೆ 112, ಮಹಿಳಾ ಸಹಾಯವಾಣಿ 181. ಇಂತಹ ಅಳಲನ್ನು ಹೊತ್ತು ಯಾರಾದರೂ ಬಂದಾಗ, 'ಗಂಡ ತಾನೇ, ಕಾಳಜಿಯಿಂದ ಮಾಡಿರಬೇಕು' ಎಂದು ಹೇಳಿ ಕಳುಹಿಸದಿರುವುದು ಚರ್ಚ್ ಸೇವೆಯಲ್ಲಿರುವ ನಮ್ಮೆಲ್ಲರ ಹೊಣೆ.

ಸಿಕ್ಕಿದ ವಸ್ತುವನ್ನು ಮರಳಿಸಲು

ಹಬ್ಬ, ಮದುವೆಗಳು ಮುಗಿದ ಮೇಲೆ ಚರ್ಚ್ ಕಚೇರಿಗೆ ಬರುವ ಕೀಲಿ, ಪರ್ಸುಗಳಲ್ಲಿ ಇನ್ನು ಮುಂದೆ ಟ್ಯಾಗ್ ಇರುವವೂ ಇರುತ್ತವೆ. ಒಡೆಯನು ಅದನ್ನು 'ಕಳೆದಿದೆ' ಎಂದು ಗುರುತು ಹಾಕಿ ತನ್ನ ಸಂಖ್ಯೆ ಕೊಟ್ಟಿದ್ದರೆ, ಏರ್‌ಟ್ಯಾಗನ್ನು ಎನ್‌ಎಫ್‌ಸಿ ಇರುವ ಯಾವುದೇ ಫೋನಿಗೆ, ಆಂಡ್ರಾಯ್ಡ್ ಆದರೂ ಸರಿ, ಮುಟ್ಟಿಸಿದಾಗ ಆ ಸಂಖ್ಯೆ ತೆರೆದುಕೊಳ್ಳುತ್ತದೆ. ಕಚೇರಿಯ ಸಿಬ್ಬಂದಿ ಇದನ್ನು ಒಮ್ಮೆ ಕಲಿತುಕೊಂಡರೆ ಎಷ್ಟೋ ವಸ್ತುಗಳು ಮೇಜಿನ ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದಿರುವುದು ತಪ್ಪುತ್ತದೆ. ವಸ್ತು ಕಳೆದವರೂ ಕೂಡಲೇ ತಮ್ಮ ಫೋನಿನಲ್ಲಿ ಆ ಗುರುತು ಹಾಕಬೇಕು. ಅನೇಕರು ಮರೆಯುವುದು ಇದನ್ನೇ.

ಟ್ಯಾಗ್ ಕೊಳ್ಳುವ ಅನುಕೂಲ ಇಲ್ಲದವರು ಬೇಸರಿಸಬೇಕಿಲ್ಲ. ಕೀಲಿಗೊಂಚಲಿಗೆ ಫೋನ್ ಸಂಖ್ಯೆ ಬರೆದ ಒಂದು ಪ್ಲಾಸ್ಟಿಕ್ ಚೀಟಿ, ಸೂಟ್‌ಕೇಸಿನ ಒಳಗೂ ಹೊರಗೂ ಹೆಸರಿನ ಚೀಟಿ, ಬಾಗಿಲ ಬಳಿ ಕೀಲಿಗೆಂದೇ ಒಂದು ಮೊಳೆ ಇವು ಇಂದಿಗೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಮನೆಯ ಹೆಸರು ಅಥವಾ ಪೂರ್ಣ ವಿಳಾಸವನ್ನು ಮಾತ್ರ ಕೀಲಿಯ ಮೇಲೆ ಬರೆಯಬೇಡಿ. ಅದು ಕಳ್ಳನಿಗೆ ಆಹ್ವಾನ ಕೊಟ್ಟಂತೆ.

ಟ್ಯಾಗ್ ಇರುವವರು ಈ ವಾರ ಮೂರು ಕೆಲಸ ಮಾಡಲಿ. ಅದರ ಬ್ಯಾಟರಿ ಎಷ್ಟು ಉಳಿದಿದೆ ನೋಡಲಿ. ಫೋನಿನಲ್ಲಿ ಗುಂಡಿ ಒತ್ತಿ ಅದು ಸದ್ದು ಮಾಡುತ್ತದೆಯೇ ಪರೀಕ್ಷಿಸಲಿ. ಆ ವಸ್ತುವನ್ನು ಬಳಸುವ ಮನೆಮಂದಿಗೆಲ್ಲ ಅದರಲ್ಲಿ ಟ್ಯಾಗ್ ಇರುವ ವಿಷಯ ತಿಳಿಸಲಿ. ಟ್ಯಾಗ್ ವಸ್ತುವಿನ ಮೇಲಿರಲಿ, ಎಲ್ಲರಿಗೂ ತಿಳಿದೇ ಇರಲಿ ಎಂಬುದೇ ನಮ್ಮ ಸಲಹೆ.